ಬಿಳಿ ಅನ್ನ, ಮೇಲೊಂದು ಚಮಚ ನಾರು

ನಾರಿನ ಬಗ್ಗೆ ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಒಂದೇ ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಅದು ಹೊಟ್ಟೆ ಕಟ್ಟಿಕೊಂಡವರ ಮದ್ದು. ವಯಸ್ಸಾದವರು ಮಲಗುವ ಮುಂಚೆ ಬೆಚ್ಚನೆಯ ನೀರಿಗೆ ಒಂದು ಚಮಚ ಇಸಬ್‌ಗೋಲ್ ಕದಡಿ ಕುಡಿಯಲಿ, ಸಕ್ಕರೆ ಕಾಯಿಲೆ ಇರುವವರು ‘ಫೈಬರ್’ ಎಂದು ದೊಡ್ಡಕ್ಷರದಲ್ಲಿ ಬರೆದ ಬಿಸ್ಕತ್ತು ತಿನ್ನಲಿ, ಮಕ್ಕಳಿಗೂ ಯುವಕರಿಗೂ ಅದರ ಗೊಡವೆ ಬೇಡ. ಊಟ ಮಾತ್ರ ಈಗಿರುವಂತೆಯೇ ಇರಲಿ. ಅಕ್ಕಿ ಪಾಲಿಶ್ ಆಗಿರಲಿ, ಬೇಳೆಗೆ ಸಿಪ್ಪೆ ಇಲ್ಲದಿರಲಿ, ಹಿಟ್ಟನ್ನು ನುಣ್ಣಗೆ ಜರಡಿ ಹಿಡಿಯಲಿ, ಪಲ್ಯ ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಪಕ್ಕ ಇರಲಿ. ಕಡಿಮೆ ಬಿದ್ದ ನಾರನ್ನು ಆಮೇಲೆ ಚಮಚದಲ್ಲಿ ಅಳೆದು ಸೇರಿಸಿಕೊಂಡರಾಯಿತು! ನಾರು ಹೀಗೆ ಆಮೇಲೆ ಸೇರಿಸಿಕೊಳ್ಳುವ ವಸ್ತುವೇ? ಅದು ಧಾನ್ಯದ, ಕಾಳಿನ, ಸೊಪ್ಪಿನ ಒಡಲು. ಗಿರಣಿಯಲ್ಲಿ ಕಿತ್ತು ಹಾಕಿದ್ದನ್ನು ಔಷಧಿ ಅಂಗಡಿಯಲ್ಲಿ ಕೊಳ್ಳಬಹುದು ಎಂಬ ಈ ನಂಬಿಕೆ ತಪ್ಪು; ಅದಕ್ಕೆ ನಾಡು ತನ್ನ ಆರೋಗ್ಯವನ್ನೇ ದಂಡವಾಗಿ ತೆರುತ್ತಿದೆ.

ಈ ತಪ್ಪಿಗೆ ಮೊದಲು ಮೊಹರು ಒತ್ತಿದ್ದು ವಿಜ್ಞಾನವೇ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ದನದ ಮೇವನ್ನು ಪರೀಕ್ಷಿಸಲು ಒಂದು ವಿಧಾನ ಬಂತು. ಮೇವನ್ನು ಆಮ್ಲದಲ್ಲಿ ಕುದಿಸುವುದು, ಆಮೇಲೆ ಕ್ಷಾರದಲ್ಲಿ ಕುದಿಸುವುದು, ಕರಗದೆ ಉಳಿದದ್ದನ್ನು ‘ಕಚ್ಚಾ ನಾರು’ ಎಂದು ಬರೆದುಕೊಳ್ಳುವುದು. ಈ ಕುದಿತದಲ್ಲಿ ಪೆಕ್ಟಿನ್, ಅಂಟು, ಹೆಮಿಸೆಲ್ಯುಲೋಸ್‌ಗಳಂಥ ನಾರಿನ ಬಹುಪಾಲು ಲೆಕ್ಕದಿಂದಲೇ ಹೊರಗೆ ಬಿತ್ತು. ದನಕ್ಕಾಗಿ ಹುಟ್ಟಿದ ಈ ಅಳತೆಯನ್ನು ಮನುಷ್ಯರ ಊಟಕ್ಕೂ ಹಚ್ಚಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿಂದ 1971ರಲ್ಲಿ ಬಂದ ಸಿ. ಗೋಪಾಲನ್ ಮತ್ತು ಸಂಗಡಿಗರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಯ ನಾರು 3.6 ಗ್ರಾಂ, ಪಾಲಿಶ್ ಅಕ್ಕಿಯದು 0.2 ಗ್ರಾಂ. ನಮ್ಮ ಆಹಾರ ತಜ್ಞರ ಹಲವು ತಲೆಮಾರುಗಳು ಓದಿದ್ದು ಈ ಕೋಷ್ಟಕವನ್ನೇ. ಅದೇ ಸಂಸ್ಥೆ 2017ರ ಕೋಷ್ಟಕದಲ್ಲಿ ಒಟ್ಟು ನಾರನ್ನು ಅಳೆದು ಕೊಟ್ಟಾಗ ರಾಗಿಯದು 11 ಗ್ರಾಂ ದಾಟಿತ್ತು. ಜೋಳದಲ್ಲಿ 10 ಗ್ರಾಂ, ಇಡೀ ಕಡಲೆಯಲ್ಲಿ 25 ಗ್ರಾಂ, ಅದೇ ಕಡಲೆಯ ಬೇಳೆಯಲ್ಲಿ 15, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ, ಮೈದಾದಲ್ಲೂ ಮೂರಕ್ಕೂ ಕಡಿಮೆ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಮ್ಮ ಮುಖ್ಯ ಧಾನ್ಯವೊಂದರ ನಾರನ್ನು ಮೂರನೇ ಒಂದು ಪಾಲಿಗೆ ಇಳಿಸಿ ಓದಿದವರು ಅದಕ್ಕೆ ತಟ್ಟೆಯಲ್ಲಿ ಜಾಗ ಬಿಡಿ ಎಂದು ಹೇಗೆ ಹೇಳಿಯಾರು? ಕೋಷ್ಟಕ ತಿದ್ದಿಯಾಯಿತು, ತಲೆಗಳಲ್ಲಿ ಮಾತ್ರ ಹಳೆಯ ಲೆಕ್ಕವೇ ಉಳಿದಿದೆ.

ನಾರು ಕರುಳನ್ನು ಗುಡಿಸುವ ಪೊರಕೆ ಎಂಬ ಮಾತು ಇದೇ ಹಳೆಯ ಲೆಕ್ಕದ ಕೂಸು. ಪೊರಕೆ ಒಳಗೆ ಬಂದು ಹೊರಗೆ ಹೋಗುತ್ತದೆ, ಮನೆಗೆ ಏನನ್ನೂ ಕೊಡುವುದಿಲ್ಲ. ನಾರು ಮಾಡುವ ಕೆಲಸವೇ ಬೇರೆ. ಸಣ್ಣ ಕರುಳಿನಲ್ಲಿ ಅದು ಜೀರ್ಣವಾಗದೆ ಮುಂದೆ ಸಾಗುತ್ತದೆ ಎನ್ನುವುದು ನಿಜ. ದೊಡ್ಡ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ಮುಖ್ಯವಾಗಿ ಬದುಕುವುದೇ ಆ ಬ್ಯುಟಿರೇಟ್ ಮೇಲೆ. ನಾರು ಸಿಗದ ಬ್ಯಾಕ್ಟೀರಿಯಾ ಏನು ಮಾಡುತ್ತದೆ? ಇಲಿಗಳ ಮೇಲೆ ನಡೆದು 2016ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿದೆ: ಕರುಳಿನ ಗೋಡೆಯನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತದೆ, ಪದರ ತೆಳುವಾಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಮನುಷ್ಯರಲ್ಲಿ ಇದಕ್ಕಿಂತ ಕಣ್ಣಿಗೆ ಹೊಡೆಯುವ ಪ್ರಯೋಗ 2015ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂತು. ಸ್ಟೀಫನ್ ಓಕೀಫ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗಿನ ಇಪ್ಪತ್ತು ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟವನ್ನೂ, ಅಲ್ಲಿನ ಇಪ್ಪತ್ತು ಹಳ್ಳಿಗರಿಗೆ ಅಮೆರಿಕದ ಊಟವನ್ನೂ ಎರಡು ವಾರ ಬಡಿಸಿದರು. ಅಮೆರಿಕನ್ನರ ನಾರು ದಿನಕ್ಕೆ 14 ಗ್ರಾಂನಿಂದ 55 ಗ್ರಾಂಗೆ ಏರಿತು, ಹಳ್ಳಿಗರದು 66ರಿಂದ 12ಕ್ಕೆ ಕುಸಿಯಿತು. ಕೊಬ್ಬಿನ ಪ್ರಮಾಣವೂ ಜೊತೆಯಲ್ಲೇ ಬದಲಾಗಿತ್ತು, ಎಲ್ಲವನ್ನೂ ನಾರೊಂದರ ಖಾತೆಗೆ ಬರೆಯಲಾಗದು. ಆದರೂ ಹದಿನಾಲ್ಕೇ ದಿನಗಳಲ್ಲಿ ಒಂದು ಕಡೆ ಬ್ಯುಟಿರೇಟ್ ತಯಾರಿಕೆ ಎರಡೂವರೆ ಪಟ್ಟು ಹೆಚ್ಚಿತು, ಇನ್ನೊಂದು ಕಡೆ ಅರ್ಧಕ್ಕಿಳಿಯಿತು. ಕರುಳಿನ ಕ್ಯಾನ್ಸರಿನ ಮುನ್ಸೂಚನೆ ಕೊಡುವ ಉರಿಯೂತದ ಗುರುತುಗಳು ಒಂದು ಗುಂಪಿನಲ್ಲಿ ಇಳಿದು ಇನ್ನೊಂದರಲ್ಲಿ ಏರಿದವು. ಎರಡು ವಾರದಲ್ಲಿ ಕರುಳಿನ ಬದುಕೇ ಹೀಗೆ ತಿರುಗುವುದಾದರೆ, ಬಾಲ್ಯದಿಂದ ಮುಪ್ಪಿನವರೆಗೆ ನಾರಿಲ್ಲದೆ ಉಣ್ಣುವವರ ಗತಿಯೇನು?

ಮಾತು ಕರುಳಿಗೆ ಮುಗಿಯುವುದೂ ಇಲ್ಲ. ಮೆಂತ್ಯ, ಗೋರಿಕಾಯಿಗಳಲ್ಲಿರುವ ಅಂಟಿನಂಥ ನಾರು ಸಕ್ಕರೆ ರಕ್ತಕ್ಕಿಳಿಯುವ ವೇಗವನ್ನು ತಗ್ಗಿಸುತ್ತದೆ. ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಸಾಗಿಸುವುದರಿಂದ ಅದನ್ನು ಹೊಸದಾಗಿ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಆಂಡ್ರ್ಯೂ ರೆನಾಲ್ಡ್ಸ್, ಜಿಮ್ ಮ್ಯಾನ್ ಮತ್ತು ಸಂಗಡಿಗರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 185 ಅಧ್ಯಯನಗಳನ್ನೂ 58 ಪ್ರಯೋಗಗಳನ್ನೂ ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಅತಿ ಕಡಿಮೆ ನಾರು ತಿನ್ನುವವರಿಗೆ ಹೋಲಿಸಿದರೆ ಅತಿ ಹೆಚ್ಚು ತಿನ್ನುವವರಲ್ಲಿ ಒಟ್ಟು ಸಾವು, ಹೃದ್ರೋಗ, ಪಾರ್ಶ್ವವಾಯು, ಎರಡನೇ ಬಗೆಯ ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಎಲ್ಲವೂ ಶೇ 15ರಿಂದ 30ರಷ್ಟು ಕಡಿಮೆ. ದಿನಕ್ಕೆ 25ರಿಂದ 29 ಗ್ರಾಂ ತಿಂದವರಿಗೆ ಲಾಭ ಎದ್ದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹತ್ತು ವರ್ಷ ದಾಟಿದ ಪ್ರತಿಯೊಬ್ಬರಿಗೂ ಕನಿಷ್ಠ 25 ಗ್ರಾಂ, ಎರಡರಿಂದ ಐದು ವರ್ಷದ ಮಗುವಿಗೂ 15 ಗ್ರಾಂ, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು ಬೇಕು ಎಂದಿದೆ. ಈಗ ನಮ್ಮ ತಟ್ಟೆಯ ಲೆಕ್ಕ ಹಾಕಿ. ದಿನಕ್ಕೆ 300 ಗ್ರಾಂ ಪಾಲಿಶ್ ಅಕ್ಕಿ ಬೇಯಿಸಿ ಉಂಡರೆ ಸಿಗುವ ನಾರು ಎಂಟೂವರೆ ಗ್ರಾಂ ದಾಟುವುದಿಲ್ಲ. 100 ಗ್ರಾಂ ರಾಗಿ ಮತ್ತು 50 ಗ್ರಾಂ ಇಡೀ ಕಡಲೆಯಿಂದ, ಸೊಪ್ಪು ತರಕಾರಿಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ, 24 ಗ್ರಾಂ ಹತ್ತಿರ ಬರುತ್ತದೆ.

ಬಿಳಿ ಅನ್ನದ ರಾಶಿ ಮತ್ತು ಮಧುಮೇಹದ ನಡುವಿನ ನಂಟು ಊಹೆಯೂ ಅಲ್ಲ. ಇಪ್ಪತ್ತೊಂದು ದೇಶಗಳ 1.32 ಲಕ್ಷ ಜನರನ್ನು ಹಿಂಬಾಲಿಸಿದ ‘ಪ್ಯೂರ್’ ಅಧ್ಯಯನ 2020ರಲ್ಲಿ ತೋರಿಸಿದಂತೆ, ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಿಳಿ ಅನ್ನ ಉಣ್ಣುವವರಿಗೆ 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಮಧುಮೇಹದ ಅಪಾಯ ಹೆಚ್ಚು. ದಕ್ಷಿಣ ಏಷ್ಯಾದಲ್ಲಂತೂ ಅದು ಶೇ 61ರಷ್ಟು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಈ ಜನಕ್ಕೆ ನಾವು ಹೇಳುತ್ತಿರುವುದೇನು? ಸಕ್ಕರೆ ಬಿಡಿ, ಮಾತ್ರೆ ತೆಗೆದುಕೊಳ್ಳಿ, ಇಸಬ್‌ಗೋಲ್ ಕುಡಿಯಿರಿ. ತಟ್ಟೆಯ ಮುಕ್ಕಾಲು ಭಾಗ ತುಂಬಿರುವ ವಸ್ತುವಿನ ಬಗ್ಗೆ ಯಾಕೆ ಮೌನ?

ಇನ್ನು ಪುಡಿಯ ಮಾತು. ಇಸಬ್‌ಗೋಲ್ ಮಲಬದ್ಧತೆಗೆ ಒಳ್ಳೆಯದು, ಕೊಲೆಸ್ಟರಾಲನ್ನು ಒಂದಿಷ್ಟು ಇಳಿಸುತ್ತದೆ, ಇದರಲ್ಲಿ ತಕರಾರಿಲ್ಲ. ಊಟದ ನಾರಿನ ಜಾಗವನ್ನು ಅದು ತುಂಬುತ್ತದೆ ಎನ್ನುವುದೇ ಸುಳ್ಳು. ಅದು ಒಂದು ಗಿಡದ ಬೀಜದ ಹೊಟ್ಟು. ಊಟದಲ್ಲಿ ಹತ್ತಾರು ಬಗೆಯ ನಾರುಗಳು ಪಿಷ್ಟದ ಸುತ್ತ, ಪ್ರೊಟೀನಿನ ಸುತ್ತ ಗೋಡೆ ಕಟ್ಟಿಕೊಂಡು ಕುಳಿತಿರುತ್ತವೆ. ಆ ಗೋಡೆ ಒಡೆಯಲು ಹಿಡಿಯುವ ಹೊತ್ತೇ ರಕ್ತದ ಸಕ್ಕರೆಗೆ ಕಡಿವಾಣ. 1977ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದೇ ಹಣ್ಣನ್ನು ಮೂರು ರೂಪದಲ್ಲಿ ಕೊಟ್ಟು ನೋಡಿದರು: ಇಡೀ ಸೇಬು, ಅರೆದ ಸೇಬು, ಸೇಬಿನ ರಸ. ಅರೆದ ಸೇಬಿನಲ್ಲಿ ನಾರೆಲ್ಲ ಇತ್ತು, ಆದರೆ ಮುರಿದಿತ್ತು. ಹೊಟ್ಟೆ ತುಂಬಿದ ಭಾವ ಇಡೀ ಹಣ್ಣಿನಲ್ಲಿ ಹೆಚ್ಚು, ಅರೆದದ್ದರಲ್ಲಿ ಅದಕ್ಕಿಂತ ಕಡಿಮೆ, ರಸದಲ್ಲಿ ಎಲ್ಲಕ್ಕಿಂತ ಕಡಿಮೆ. ನಾರು ಎಷ್ಟಿದೆ ಎಂಬುದರಷ್ಟೇ ಎಲ್ಲಿ, ಹೇಗೆ ಇದೆ ಎಂಬುದೂ ಮುಖ್ಯ ಎಂದು ಹೇಳಲು ಇನ್ನೇನು ಬೇಕು? ಕಿತ್ತು ಹಾಕಿ ಮರಳಿ ಸೇರಿಸುವ ಈ ಚಾಳಿ ನಾರಿನಿಂದಲೇ ಶುರುವಾದದ್ದಲ್ಲ. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ತಿಂದಾಗ ಅವು ಚೇತರಿಸಿಕೊಳ್ಳುವುದನ್ನೂ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ 1890ರ ದಶಕದಲ್ಲೇ ಕಂಡಿದ್ದ. ಆ ದಾರಿಯ ಶೋಧಕ್ಕೆ 1929ರಲ್ಲಿ ಅವನಿಗೆ ನೊಬೆಲ್ ಬಂತು. ಪಾಲಿಶ್ ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಿ ಸರ್ಕಾರದ ಯೋಜನೆಗಳ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ‘ಸಾರವರ್ಧಿತ’ ಎಂದು ಕೊಟ್ಟಿದ್ದೇವೆ. ತೌಡಿನ ಎಣ್ಣೆ ಹೃದಯಕ್ಕೆ ಒಳ್ಳೆಯದೆಂದು ಬಾಟಲಿಯಲ್ಲಿ ಬರುತ್ತದೆ, ಉಳಿದ ತೌಡು ದನದ ಕೊಟ್ಟಿಗೆಗೆ ಹೋಗುತ್ತದೆ. ಒಂದು ಕಾಳನ್ನು ಬಿಡಿಸಿ ನಾಲ್ಕು ಅಂಗಡಿಗಳಲ್ಲಿ ಮಾರುವ ಈ ವ್ಯವಸ್ಥೆಯಲ್ಲಿ ಗೆಲ್ಲುವವರು ಯಾರು, ಉಣ್ಣುವವರೇ?

ಬಿಸ್ಕತ್ತಿನ ಕತೆಯನ್ನೂ ಕೇಳಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 100 ಗ್ರಾಂನಲ್ಲಿ 3 ಗ್ರಾಂ ಇದ್ದರೆ ‘ನಾರಿನ ಮೂಲ’ ಎನ್ನಬಹುದು, 6 ಗ್ರಾಂ ಇದ್ದರೆ ‘ನಾರು ಸಮೃದ್ಧ’ ಎಂದು ಬರೆದುಕೊಳ್ಳಬಹುದು. ಗಿರಣಿಯಲ್ಲಿ ಬೀಸಿದ ಇಡೀ ಗೋಧಿಯ ಹಿಟ್ಟಿನಲ್ಲೇ 11 ಗ್ರಾಂ ಇದೆ. ಚಪಾತಿಯ ಹಿಟ್ಟಿನ ಅರ್ಧದಷ್ಟು ನಾರಿರುವ, ಸಕ್ಕರೆ ಮತ್ತು ಎಣ್ಣೆ ತುಂಬಿದ ತಿಂಡಿ ‘ಸಮೃದ್ಧ’ ಎಂಬ ಬಿರುದು ಹೊತ್ತು ಅಂಗಡಿಯಲ್ಲಿ ಕೂರಬಹುದು. ಇಷ್ಟಾದರೂ ಪೊಟ್ಟಣದ ಹಿಂದೆ ಶಕ್ತಿ, ಪ್ರೊಟೀನ್, ಕೊಬ್ಬು, ಸಕ್ಕರೆ, ಸೋಡಿಯಂ ಬರೆಯುವುದು ಕಡ್ಡಾಯವಾಗಿರುವಂತೆ ನಾರನ್ನು ಬರೆಯುವುದು ಕಡ್ಡಾಯವಲ್ಲ. ಹೊಗಳಿಕೊಂಡವರು ಮಾತ್ರ ಲೆಕ್ಕ ಒಪ್ಪಿಸಬೇಕು, ಉಳಿದವರಿಗೆ ಆ ಹೊಣೆ ಇಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದು. ಅನ್ನ ಕಾಣದೆ ತಲೆಮಾರುಗಳನ್ನು ಕಳೆದವರಿಗೆ, ಹಬ್ಬದ ದಿನ ಮಾತ್ರ ಅಕ್ಕಿ ಬೇಯಿಸಿದವರಿಗೆ, 2013ರಲ್ಲಿ ಅನ್ನಭಾಗ್ಯ ಬಂದಾಗ ಸಿಕ್ಕಿದ್ದು ಅಕ್ಕಿಯಷ್ಟೇ ಅಲ್ಲ, ಘನತೆ. ಈಗ ಉಂಡು ತೇಗಿದವರು ಬಂದು ಮರಳಿ ಮುದ್ದೆಗೆ ಹೋಗಿ ಎನ್ನುವುದು ಯಾವ ನ್ಯಾಯ? ಹಸಿವನ್ನು ನೀಗಿದ ಅಕ್ಕಿಯನ್ನು ಕಸಿದುಕೊಳ್ಳಿ ಎನ್ನುವವರು ಯಾರೇ ಆಗಲಿ ಅವರ ಮಾತನ್ನು ಕೇಳಬೇಕಾಗಿಲ್ಲ. ಆದರೆ ಘನತೆಯ ಹೆಸರಿನಲ್ಲಿ ಬಡವರಿಗೆ ಪಾಲಿಶ್ ಅಕ್ಕಿಯೊಂದನ್ನೇ ಅಳೆದು ಕೊಟ್ಟು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಹಿಂದಿನ ಬಡತನದ ಊಟ ಬಡವಾಗಿದ್ದುದು ರಾಗಿಯಿಂದಲ್ಲ. ಮುದ್ದೆಗೆ ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು ಸಿಗದೆ ಉಪ್ಪು ಮೆಣಸಿನಕಾಯಿಯಲ್ಲಿ ನುಂಗಬೇಕಾಗಿದ್ದುದರಿಂದ. ಇಂದು ಸ್ಥಿತಿ ತಲೆಕೆಳಗಾಗಿದೆ. ನವಣೆ, ಸಾಮೆ ಪೇಟೆಯ ಅಂಗಡಿಯಲ್ಲಿ ಅಕ್ಕಿಗಿಂತ ದುಬಾರಿ, ಅಗ್ಗದ ಅಕ್ಕಿ ಬಡವರ ಪಾಲು. ಮಧುಮೇಹ ಮಾತ್ರ ಇಬ್ಬರ ಮನೆಗೂ ಬರುತ್ತದೆ, ಮಾತ್ರೆಯ ಖರ್ಚು ಮುರಿಯುವುದು ಬಡವರ ಬೆನ್ನನ್ನೇ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಟ್ಟು ನೋಡಿದ್ದೇವೆ, ಜನ ಉಂಡಿದ್ದಾರೆ. ಅದನ್ನು ಒಮ್ಮೆ ಕೊಟ್ಟು ಒಮ್ಮೆ ಬಿಡುವ ಕೃಪೆಯಾಗಿ ಇಡದೆ ಹಕ್ಕಾಗಿ ಮಾಡಲು ಏನಡ್ಡಿ?

ಹಾಗಾದರೆ ಸಿರಿಧಾನ್ಯ ತಿಂದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ನಡೆದ ಮೇಳಗಳು ಈ ಮಾತನ್ನೇ ಸಾರಿದವು. ಇದೂ ಅರೆಸತ್ಯ. ಸಾಮೆ, ನವಣೆಗಳನ್ನೂ ಅಕ್ಕಿಯಂತೆ ಬೆಳ್ಳಗೆ ಪಾಲಿಶ್ ಮಾಡಿ ಮಾರಿದರೆ ನಾರು ಅಲ್ಲೂ ಹೋಯಿತು. ರಾಗಿ ಉಳಿದುಕೊಂಡಿದ್ದು ಅದರ ಕಾಳು ಸಣ್ಣದಾಗಿ, ಸಿಪ್ಪೆ ಒಳಗಿನ ಹಿಟ್ಟಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ. ಇನ್ನೂ ಮುಖ್ಯ ಎಚ್ಚರಿಕೆ 2025ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಇಂಡಿಯಾಬ್ ವಿಶ್ಲೇಷಣೆಯದು: ಭಾರತೀಯರ ಶಕ್ತಿಯ ಶೇ 62ರಷ್ಟು ಬರುವುದು ಶರ್ಕರಪಿಷ್ಟದಿಂದ, ಬಿಳಿ ಧಾನ್ಯದ ಬದಲಿಗೆ ಅಷ್ಟೇ ಪ್ರಮಾಣದಲ್ಲಿ ಇಡೀ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಿಂದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದಂತೆ ಕಾಣಲಿಲ್ಲ, ಪಿಷ್ಟದ ಒಂದು ಪಾಲನ್ನು ಸಸ್ಯದ ಅಥವಾ ಹಾಲಿನ ಪ್ರೊಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ. ನಾರಿನ ವಿರೋಧಿಗಳು ಇದನ್ನು ತಮ್ಮ ಗೆಲುವೆಂದು ತಿಳಿಯಬೇಕಾಗಿಲ್ಲ. ಸೇಬಿನ ಪ್ರಯೋಗದ ಅರೆದ ಹಣ್ಣಿನಲ್ಲಾದಂತೆ ನುಣ್ಣಗೆ ಬೀಸಿದ ಹಿಟ್ಟಿನಲ್ಲೂ ನಾರಿನ ಗೋಡೆ ಒಡೆದಿರುತ್ತದೆ. ನಮಗೆ ಬೇಕಾದದ್ದು ಅನ್ನದ ರಾಶಿಯ ಜಾಗಕ್ಕೆ ಮುದ್ದೆಯ ರಾಶಿ ತರುವುದಲ್ಲ, ರಾಶಿಯನ್ನೇ ಕುಗ್ಗಿಸಿ ಆ ಜಾಗಕ್ಕೆ ಕಾಳು, ಸೊಪ್ಪು, ಕಾಯಿಪಲ್ಯ ತರುವುದು. ಡಬ್ಬಿಯ ಪ್ರೊಟೀನ್ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಯುವಕರೂ ಇದನ್ನು ಕೇಳಿಸಿಕೊಳ್ಳಬೇಕು. 100 ಗ್ರಾಂ ಇಡೀ ಕಡಲೆಯಲ್ಲಿ ಸುಮಾರು 19 ಗ್ರಾಂ ಪ್ರೊಟೀನ್, 25 ಗ್ರಾಂ ನಾರು ಒಟ್ಟಿಗೇ ಇವೆ. ಪ್ರೊಟೀನ್ ಬೇಕೋ ನಾರು ಬೇಕೋ ಎಂಬ ಪ್ರಶ್ನೆ ಉಸಲಿ ತಿನ್ನುವವರಿಗೆ ಎದುರಾಗುವುದೇ ಇಲ್ಲ.

ವಿಜ್ಞಾನವನ್ನೇ ಮುಂದಿಟ್ಟು ಆಕ್ಷೇಪಿಸುವವರು 2000ದ ಇಸವಿಯನ್ನು ನೆನಪಿಸುತ್ತಾರೆ. ಆ ವರ್ಷ ಅಮೆರಿಕದ ಎರಡು ದೊಡ್ಡ ಪ್ರಯೋಗಗಳಲ್ಲಿ, ಗೋಧಿ ಹೊಟ್ಟು ಕೊಟ್ಟವರಲ್ಲೂ ಊಟ ಬದಲಿಸಿದವರಲ್ಲೂ, ಕರುಳಿನ ಗಂಟುಗಳು ಮರುಕಳಿಸುವುದು ಕಡಿಮೆಯಾಗಲಿಲ್ಲ. ಫಲಿತಾಂಶ ನಿಜವೇ. ಆದರೆ ಅಲ್ಲಿದ್ದವರು ಆಗಲೇ ಗಂಟು ಬಂದವರು, ನೋಡಿದ್ದು ಮೂರು ನಾಲ್ಕು ವರ್ಷ. ದಶಕಗಳಲ್ಲಿ ಬೆಳೆಯುವ ಕ್ಯಾನ್ಸರಿನ ಬಗ್ಗೆ ಅದರಿಂದ ಕೊನೆಯ ತೀರ್ಪು ಕೊಡಲು ಹೇಗೆ ಸಾಧ್ಯ? ಹೃದಯದ, ಮಧುಮೇಹದ ಸಾಕ್ಷ್ಯವನ್ನು ಆ ಪ್ರಯೋಗಗಳು ಮುಟ್ಟಿಯೂ ಇಲ್ಲ. ನಾರು ತಿನ್ನುವವರು ಹೇಗೂ ವ್ಯಾಯಾಮ ಮಾಡುವ, ಸಿಗರೇಟು ಸೇದದ ಜನ, ಅದಕ್ಕೇ ಆರೋಗ್ಯವಂತರು ಎಂಬ ಮಾತೂ ಉಂಟು. ಹಾಗಿದ್ದರೆ ಜನರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲೂ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಇಳಿದದ್ದು ಹೇಗೆ? ಲ್ಯಾನ್ಸೆಟ್ ವಿಶ್ಲೇಷಣೆ ಅದನ್ನೂ ತೋರಿಸಿದೆ.

ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂಬ ದೂರಿಗೆ ಉತ್ತರ ಚಿಕ್ಕದು. ವರ್ಷಗಟ್ಟಲೆ ನಾರು ಕಾಣದ ಕರುಳಿಗೆ ಒಂದೇ ದಿನ ಸುರಿದರೆ ಉಬ್ಬರಿಸುವುದು ಸಹಜ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಕಾಳನ್ನು ರಾತ್ರಿ ನೆನೆಹಾಕಿ ನೀರು ಚೆಲ್ಲಿ ಬೇಯಿಸಿ, ನೀರು ಸಾಕಷ್ಟು ಕುಡಿಯಿರಿ. ಕರುಳಿನ ಬ್ಯಾಕ್ಟೀರಿಯಾ ಹೊಂದಿಕೊಳ್ಳುತ್ತದೆ. ಕರುಳಿನ ಕಾಯಿಲೆ ಇರುವವರು, ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಬೇಕು. ಕೆಲವರ ಈ ಕಷ್ಟವನ್ನು ಎಲ್ಲರ ನೆಪ ಮಾಡಿಕೊಳ್ಳುವುದು ಸಲ್ಲದು.

ಆಗಬೇಕಾದ ಕೆಲಸ ಸ್ಪಷ್ಟವಾಗಿದೆ, ಅದನ್ನು ಮಾಡಬೇಕಾದವರೂ ಗೊತ್ತು. ಆಹಾರ ಸುರಕ್ಷತಾ ಪ್ರಾಧಿಕಾರ ಪ್ರತಿ ಪೊಟ್ಟಣದ ಮೇಲೆ ನಾರಿನ ಪ್ರಮಾಣ ಬರೆಯುವುದನ್ನು ಕಡ್ಡಾಯ ಮಾಡಲಿ, ಸಕ್ಕರೆ ತುಂಬಿದ ತಿಂಡಿಗೆ ನಾರಿನ ಬಿರುದು ಕೊಡುವುದನ್ನು ನಿಲ್ಲಿಸಲಿ. ರಾಜ್ಯ ಸರ್ಕಾರ ಪಡಿತರದ ಅಕ್ಕಿಯ ಜೊತೆಗೆ ರಾಗಿ ಅಥವಾ ಜೋಳವನ್ನೂ, ಬೇಳೆಯಷ್ಟೇ ಅಲ್ಲದೆ ಇಡೀ ಹೆಸರುಕಾಳು, ಕಡಲೆ, ಹುರುಳಿಯನ್ನೂ ಪ್ರತಿ ತಿಂಗಳು ಕೊಡಲಿ. ಅದರ ಖರ್ಚು ಮಧುಮೇಹದ ಔಷಧಿಯ, ಡಯಾಲಿಸಿಸ್ ಘಟಕಗಳ ಖರ್ಚಿನ ಪಕ್ಕದಲ್ಲಿಟ್ಟು ನೋಡಲಿ. ಶಾಲೆಯ ಬಿಸಿಯೂಟದಲ್ಲಿ ತಿಳಿ ಸಾಂಬಾರಿನ ಜಾಗಕ್ಕೆ ಕಾಳಿನ ಸಾರು, ಸೊಪ್ಪಿನ ಪಲ್ಯ ಬರಲಿ. ವಿದ್ಯಾರ್ಥಿನಿಲಯ, ಆಸ್ಪತ್ರೆ, ಕಾರ್ಖಾನೆಯ ಕ್ಯಾಂಟೀನುಗಳಿಗೂ ಇದೇ ನಿಯಮವಾಗಲಿ. ವೈದ್ಯರೇ, ಇಸಬ್‌ಗೋಲ್ ಬರೆದುಕೊಡುವ ಚೀಟಿಯ ಮೇಲೆ ರೋಗಿ ದಿನಕ್ಕೆ ಎಷ್ಟು ಕಾಳು, ಎಷ್ಟು ಸೊಪ್ಪು ತಿನ್ನುತ್ತಾರೆ ಎಂದು ಕೇಳಿ ಅದನ್ನೂ ಬರೆಯಿರಿ. ಓದುಗರೇ, ಸರ್ಕಾರದ ಆದೇಶಕ್ಕೆ ಕಾಯಬೇಡಿ. ನಾಳೆಯ ತಟ್ಟೆಯಲ್ಲಿ ಅನ್ನವನ್ನು ಅರ್ಧಕ್ಕಿಳಿಸಿ, ಉಳಿದ ಅರ್ಧವನ್ನು ಸಿಪ್ಪೆಯಿರುವ ಕಾಳಿಗೂ ಪಲ್ಯಕ್ಕೂ ಬಿಟ್ಟುಕೊಡಿ.